ದ್ರಾಕ್ಷಿ ಕಾಯಲು ಹೋದ ಸಿನಿಮಾಗಳು

ಅಥಣಿ ಸೀಮೆಯ ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಸಿನಿಮಾ ಡಿವಿಡಿಗಳದ್ದೇ ಒಂದು ಕಪಾಟಿತ್ತು. ಅದರ ಕೀಲಿಯನ್ನು ನಾನು ಉಡಿದಾರಕ್ಕೆ ಕಟ್ಟಿಕೊಂಡಿರುತ್ತೇನೆಂದು ಜನ ಆಡಿಕೊಳ್ಳುತ್ತಿದ್ದರು. ಶುದ್ಧ ಸುಳ್ಳು, ಅದು ಅಂಗಿಯ ಜೇಬಿನಲ್ಲಿರುತ್ತಿತ್ತು. ಸಿನಿಮಾ ಅಧ್ಯಯನ ಓದುವ ಮಕ್ಕಳಿಗಾಗಿ ವರ್ಷಾನುಗಟ್ಟಲೆ ಒಂದೊಂದೇ ಕೂಡಿಸಿದ ತಟ್ಟೆಗಳವು. ಚೀಟಿ ಅಂಟಿಸಿದರೆ ತಟ್ಟೆ ತಿರುಗುವಾಗ ತೂಕ ತಪ್ಪುತ್ತದೆಂದು, ಪ್ರತಿಯೊಂದರ ನಡುವಿನ ತೂತಿನ ಸುತ್ತ ಅಳಿಸದ ಶಾಯಿಯಲ್ಲಿ ಕಾಲೇಜಿನ ಹೆಸರನ್ನು ನಾನೇ ಬರೆದಿದ್ದೆ. ಮುಂದೆ ಆ ಶಾಯಿಯೇ ಕುಲದೇವರಂತೆ ನನ್ನ ಕೈ ಹಿಡಿಯಿತು.

ಸಿನಿಮಾಗಳನ್ನು ಇನ್ನು ಯಾವ ರೂಪದಲ್ಲಿ ಇಡಬೇಕೆಂದು ತೀರ್ಮಾನಿಸಲು ಪ್ರಾಚಾರ್ಯರು ಒಂದು ಸಮಿತಿ ಮಾಡಿದರು. ಸಂಚಾಲಕರಾಗಿ ಇಂಗ್ಲಿಷ್ ವಿಭಾಗದ ಮುಖ್ಯಸ್ಥರು ಬಂದರು. ಅವರು ಸತ್ತಿ ಊರಿನ ದಾರಿಯಲ್ಲಿ ದ್ರಾಕ್ಷಿ ತೋಟವುಳ್ಳ ಧಣಿಗಳೂ ಹೌದು.

“ಈಗ ಎಲ್ಲಾ ಆನ್‌ಲೈನ್ ಐತ್ರಿ. ಚಂದಾ ಕಟ್ಟಿದ್ರ ಬೇಕಾದಷ್ಟು ಸಿನಿಮಾ. ಈ ತಾಟು ಗಂಗಾಳ ಯಾಕ ಬೇಕು?” ಎಂದರು.

“ಚಂದಾ ಅಂದ್ರ ಬಾಡಿಗಿ ಎತ್ತು ಇದ್ದಂಗ್ರಿ ಸರ,” ಎಂದೆ ನಾನು. “ಮಾಲಕ ಹೊಡಕೊಂಡ ಹೋದ್ರ ನಮ್ಮ ಕೈಯಾಗ ಬರೇ ಬಾರಕೋಲ ಉಳೀತೈತಿ. ಪಾಠಕ್ಕ ಬೇಕಾದ್ದು ತಟ್ಟಿಯೊಳಗ ಇರ್ಲಿ, ಉಳದದ್ದು ಆನ್‌ಲೈನ್ ನೋಡೂನು. ಅದರ ಮ್ಯಾಲ, ಹಂಗಾಮ ಸುರು ಆತಂದ್ರ ಕಬ್ಬಿನ ಟ್ರ್ಯಾಕ್ಟರ್ ಕೇಬಲ್ ಹರಕೊಂಡ ಹೋಗ್ತಾವ್ರಿ.”

“ನಮ್ಮ ಗ್ರಂಥಪಾಲಕರನ್ನೂ ಅದೇ ಕಪಾಟಿನ್ಯಾಗ ಇಟ್ಟು ಕೀಲಿ ಹಾಕ್ರಿ, ಜೋಪಾನ ಇರ್ತಾರ!” ಎಂದರು ಮುಖ್ಯಸ್ಥರು.

ಸಭೆ ಬಿದ್ದು ಬಿದ್ದು ನಕ್ಕಿತು. ಪ್ರಾಚಾರ್ಯರ ಚಹಾ ಕಪ್ಪಿನಿಂದ ಬಸಿಗೆ ಚೆಲ್ಲಿತು. ನಾನೂ ನಕ್ಕೆ. ಮನೆಗೆ ಹೋಗಿ ಆ ಮಾತಿಗೆ ಉಪ್ಪು ಹಾಕಿ, ಜಾಡಿಯಲ್ಲಿಟ್ಟು, ಬಾಯಿಗೆ ಅರಿವೆ ಬಿಗಿದೆ.

ಸಮಿತಿ ಚಂದಾ ಕಟ್ಟುವುದೆಂದು ತೀರ್ಮಾನಿಸಿತು, ತಟ್ಟೆಗಳು ಉಗ್ರಾಣದ ಕೋಣೆ ಸೇರಿದವು. ಕೆಲವು ತಿಂಗಳ ಮೇಲೆ ನೋಡಿದರೆ ಅಲ್ಲಿಯೂ ಇಲ್ಲ. ಮುಖ್ಯಸ್ಥರನ್ನೇ ಕೇಳಿದೆ.

“ಅವಾ? ಮೋಡಕಾ, ಗುಜರಿ ಸಾಮಾನು ಅಲ್ಲೇನ್ರಿ? ತೋಟಕ್ಕ ಒಯ್ದೀನಿ. ಹಣ್ಣಿಗೆ ಗಿಣಿ ಭಾಳ ಬೀಳಾಕತ್ತಿದ್ವು.”

ಆ ಭಾನುವಾರ ಗಾಡಿ ತೆಗೆದುಕೊಂಡು ಸತ್ತಿಯ ದಾರಿಗೆ ಹೋದೆ. ಬಳ್ಳಿಯ ತಂತಿಗಳಿಗೆಲ್ಲ ನನ್ನ ತಟ್ಟೆಗಳು ತೂಗುಬಿದ್ದು, ಬಿಸಿಲಿಗೆ ಫಳಫಳ ಹೊಳೆಯುತ್ತ ತಿರುಗುತ್ತಿದ್ದವು. ದೇಶವಿದೇಶದ ಮಹಾ ನಿರ್ದೇಶಕರು ಸುತಳಿಗೆ ಜೋತುಬಿದ್ದು ಗಿಣಿಗಳನ್ನು ಹೆದರಿಸುತ್ತಿದ್ದರು. ಪ್ರಾಚಾರ್ಯರಿಗೆ ಮರುದಿನವೇ ಹೇಳಬಹುದಿತ್ತು. ಹೇಳಲಿಲ್ಲ. ಕಾಯಿಯನ್ನು ಕಿತ್ತು ತಿಂದರೆ ಹಲ್ಲು ಜುಮ್ಮೆನ್ನುತ್ತವೆ ಅಷ್ಟೇ, ಹಣ್ಣಾಗಲು ಬಿಡಬೇಕು.

ಹಣ್ಣಾಯಿತು. ಕಾಲೇಜನ್ನು ಪರೀಕ್ಷಿಸುವ ತಂಡ ಬಂತು. ತಂಡದ ಮುಖ್ಯಸ್ಥೆ ಮೈಸೂರಿನ ಕಡೆ ಸಿನಿಮಾ ಪಾಠ ಹೇಳುವ ಮೇಡಂ. ತರಗತಿ ನೋಡುತ್ತೇವೆಂದರು. ನಮ್ಮ ಮುಖ್ಯಸ್ಥರು ಮಹಾಪೂಜೆಗೆ ಕೂತವರ ಗಾಂಭೀರ್ಯದಿಂದ ಲ್ಯಾಪ್‌ಟಾಪ್ ಒತ್ತಿದರು. ಪರದೆಯ ಮೇಲೆ ಒಂದು ಚಕ್ರ ಮಾತ್ರ ತಿರುಗತೊಡಗಿತು. ಕಚೇರಿಯ ಗುಮಾಸ್ತರು ಓಡಿಬಂದರು:

“ಕಬ್ಬಿನ ಟ್ರ್ಯಾಕ್ಟರ್ ಕೇಬಲ್ ಹರದೈತ್ರಿ ಸರ!”

“ಡಿಸ್ಕ್ ಇಲ್ಲವೇ?” ಎಂದರು ಮೇಡಂ.

ಎಲ್ಲರೂ ನನ್ನತ್ತ ನೋಡಿದರು. “ಅದಾವ್ರಿ ಮೇಡಂ,” ಎಂದೆ. “ಸದ್ಯಕ್ಕ ಒಬ್ರು ಒಯ್ದಾರ್ರಿ.”

ನಮ್ಮಲ್ಲಿ ದ್ರಾಕ್ಷಿಯ ದಿನಗಳಲ್ಲಿ ಬಂದ ಅತಿಥಿಯನ್ನು ತೋಟಕ್ಕೆ ಕರೆದೊಯ್ಯದೆ ಕಳಿಸುವುದು ಮರ್ಯಾದೆಯಲ್ಲ. ಮುಖ್ಯಸ್ಥರು ಮುಖ ಉಳಿಸಿಕೊಳ್ಳಲು ಆ ಪದ್ಧತಿಯನ್ನೇ ಹಿಡಿದರು. “ಕೇಬಲ್ ಕೂಡ್ಸೂತನಾ ನಮ್ಮ ತೋಟಕ್ಕ ಹೋಗಿ ಬರೂನ್ರಿ. ಪಾವಣ್ಯಾರು ಹಣ್ಣು ತಿನ್ನದ ಹೋಗಬಾರದು.” ಅವರ ಪಾಲಿಗೆ ಆ ತಟ್ಟೆಗಳು ಆಗಲೇ ಸಿನಿಮಾಗಳಾಗಿ ಉಳಿದಿರಲಿಲ್ಲ, ಗುದ್ದಲಿ ಸಲಿಕೆಯಂತೆ ತೋಟದ ಸಾಮಾನಾಗಿದ್ದವು.

“ಹೌದ್ರಿ, ನಡೀರಿ ನಡೀರಿ, ಹಣ್ಣು ಸಕ್ಕರಿ ಅದಾವಂತ!” ಎಂದು ಜೀಪಿನ ಬಾಗಿಲನ್ನು ನಾನೇ ತೆರೆದೆ.

ಮೇಡಂ ಗೊಂಚಲಿಗೆ ಕೈ ಚಾಚಿದಾಗ ಒಂದು ತಟ್ಟೆ ತೂಗಿಬಂದು ಅವರ ಕನ್ನಡಕಕ್ಕೆ ತಾಗಿತು. ಹಿಡಿದು ಓದಿದರು. ಪಕ್ಕದ್ದನ್ನು ಹಿಡಿದು ಓದಿದರು. ಆಮೇಲೆ ಇಡೀ ಸಾಲನ್ನು ಓದಿಕೊಂಡು ಹೋದರು.

“ಇವು ನಿಮ್ಮ ಗ್ರಂಥಾಲಯದವಲ್ಲವೇ?”

ಮುಖ್ಯಸ್ಥರ ಬಾಯಿ ತುಂಬ ದ್ರಾಕ್ಷಿ. “ಅದು... ಗಿಣಿ...” ಎಂದರು.

ನಾನು ಕೈ ಜೋಡಿಸಿದೆ. “ಸರ ನಮ್ಮ ಸಿನಿಮಾ ವಿಭಾಗದ ಶಾಖೆ ಇಲ್ಲಿ ತಗದಾರ್ರಿ ಮೇಡಂ. ಪ್ರೇಕ್ಷಕರು ಬರೇ ಗಿಣಿ. ಅವೂ ನಡುವ ಎದ್ದ ಹೋಗ್ತಾವು.”

ಜೊತೆಗೆ ಬಂದಿದ್ದ ಪ್ರಾಚಾರ್ಯರು ಕೆಂಪಗಾಗಿ, “ಈಗಿಂದೀಗ ಇಳಸ್ರಿ!” ಎಂದರು. ಇಂಗ್ಲಿಷ್ ವಿಭಾಗದ ಮುಖ್ಯಸ್ಥರು ಅತಿಥಿಗಳ ಎದುರಿಗೇ ಒಂದೊಂದೇ ಗಂಟು ಬಿಚ್ಚಿದರು. ನಾನು ಚೀಲದ ಬಾಯಿ ಹಿಡಿದು ನಿಂತೆ. ಒಂದೇ ಒಂದು ಗಂಟಿಗೂ ಕೈ ಹಚ್ಚಲಿಲ್ಲ.

ಔಷಧಿ ಸಿಂಪಡಿಸಿದ ಕಲೆ ಹತ್ತಿ ಬಹಳಷ್ಟು ಕೆಟ್ಟಿದ್ದವು. ತಂಡದವರ ಮಾತಿನಂತೆ ಅವನ್ನೆಲ್ಲ ಹೊಸದಾಗಿ ತರಿಸಿದರು. ಆನ್‌ಲೈನ್ ಚಂದಾ ಕೂಡ ಉಳಿಯಿತು. ಸಮಿತಿಯ ಸಂಚಾಲಕ ಈಗ ನಾನು.

ಒಂದು ವಾರದ ಮೇಲೆ ಮುಖ್ಯಸ್ಥರು ಗ್ರಂಥಾಲಯಕ್ಕೆ ಬಂದು, ದನಿ ತಗ್ಗಿಸಿ, “ಗಿಣಿ ಹಿಂಡ ಹಿಂಡ ಬರಾಕತ್ತಾವ್ರಿ ಸರ. ಆ ಕೆಟ್ಟ ತಟ್ಟಿ ಕೊಟ್ರ...” ಎಂದರು.

“ಆನ್‌ಲೈನ್‌ದಾಗ ಏನರ ಸಿಗತೈತೇನ ನೋಡ್ರಲ್ಲ ಸರ,” ಎಂದೆ.

ಅಂದು ಸಂಜೆ ಸತ್ತಿಯ ದಾರಿ ಹಿಡಿದು ಮನೆಗೆ ಹೋದೆ. ಅದು ನನ್ನ ಮನೆಯ ದಾರಿಯಲ್ಲ. ತೋಟದಲ್ಲಿ ಗಿಣಿಗಳು ಪಂಕ್ತಿಗೆ ಕೂತಿದ್ದವು.