ಲಕೋಟೆಯ ಮೇಲಿನ ಟಿಕಲಿ

ಪುಣೆಯ ಭೋಸರಿಯಲ್ಲಿ ಒಂದು ಸಣ್ಣ ಆಸ್ಪತ್ರೆ. ಅಲ್ಲಿ ನಾನು ಎಕ್ಸ್‌ರೇ ತೆಗೆಯುವವಳು. ಚಿತ್ರ ಮೊದಲು ಕಾಣುವುದು ನನಗೆ, ಅದರ ಬಗ್ಗೆ ಮಾತಾಡುವ ಹಕ್ಕು ಮಾತ್ರ ಡಾಕ್ಟರಿಗೆ. ನನ್ನಂಥ ಬಾಯಿಬಡಕಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕೆ? ಯಾರು ಏನು ಕೇಳಿದರೂ ಮರಾಠಿಯಲ್ಲೋ ಕನ್ನಡದಲ್ಲೋ "ಡಾಕ್ಟರ್ ಹೇಳ್ತಾರ್ರಿ" ಎಂದು ಒಪ್ಪಿಸಿ ಸುಮ್ಮನಾಗುವುದನ್ನು ಕಷ್ಟಪಟ್ಟು ಕಲಿತಿದ್ದೆ.

ಚಿತ್ರ ಓದುವ ಡಾಕ್ಟರು ಮಧ್ಯಾಹ್ನ ನಗರದ ಕ್ಯಾಂಪ್ ಬಡಾವಣೆಯಿಂದ ಬರುತ್ತಿದ್ದರು. ಅಷ್ಟರಲ್ಲಿ ಅವರ ಕೋಣೆಯ ಮುಂದೆ ಲಕೋಟೆ ಹಿಡಿದವರ ಸಾಲು. ಅನುಮಾನ ಬಂದ ಚಿತ್ರಗಳ ಲಕೋಟೆಗೆ ಏನಾದರೂ ಗುರುತು ಮಾಡು, ಆ ರೋಗಿಗಳನ್ನು ಮೊದಲು ಕರೆಯುತ್ತೇನೆ ಎಂದು ಒಮ್ಮೆ ನನಗೆ ಹೇಳಿದರು. ನನ್ನ ಪರ್ಸಿನಲ್ಲಿ ಹಣೆಗೆ ಅಂಟಿಸುವ ಕೆಂಪು ಟಿಕಲಿಗಳಿದ್ದವು. ಅಂದಿನಿಂದ ನಮ್ಮಿಬ್ಬರ ನಡುವೆ ಟಿಕಲಿ ಎಂದರೆ ಅನುಮಾನ.

ಒಂದು ದಿನ ಹತ್ತಿರದ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುವ ಹೆಂಗಸೊಬ್ಬಳು ಕೆಮ್ಮುತ್ತ ಬಂದಳು. ಉಸಿರು ಹಿಡಿಯಿರಿ ಎಂದು ಮರಾಠಿಯಲ್ಲಿ ಹೇಳಿದರೆ, "ಎಷ್ಟೊತ್ತು ಹಿಡೀಲೆವ್ವಾ" ಎಂದು ತನ್ನಷ್ಟಕ್ಕೆ ಕನ್ನಡದಲ್ಲಿ ಗೊಣಗಿದಳು. ನನಗೆ ನಗು ತಡೆಯಲಾಗಲಿಲ್ಲ. ಪರದೆಯ ಮೇಲೆ ಚಿತ್ರ ಮೂಡಿದಾಗ ಆ ನಗು ನಿಂತಿತು. ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಬೆಳ್ಳನೆಯ ಕಲೆ ಇತ್ತು.

"ಏನೂ ಇಲ್ಲಲ್ರಿ ಅಕ್ಕಾರ?"

"ಡಾಕ್ಟರ್ ಹೇಳ್ತಾರ್ರಿ. ಇದನ್ನ ತಗೊಂಡು ಹೊರಗ ಕುಂದರ್ರಿ."

ಲಕೋಟೆಗೆ ಟಿಕಲಿ ಅಂಟಿಸಿ ಕೊಟ್ಟೆ. ಅದನ್ನು ನೋಡಿ ಅವಳ ಮುಖ ಅರಳಿತು, ಲಕೋಟೆಯನ್ನು ಕಣ್ಣಿಗೊತ್ತಿಕೊಂಡಳು. ಭಾರೀ ದೈವಭಕ್ತಿ ಎಂದುಕೊಂಡು ನಾನು ಮುಂದಿನವರನ್ನು ಕರೆದೆ.

ಡಾಕ್ಟರು ಬಂದಾಗ ಬೆಂಚಿನ ಮೇಲೆ ಅವಳಿಲ್ಲ. ಗಾಬರಿಯಿಂದ ಅವಳು ಬರೆಸಿದ್ದ ನಂಬರಿಗೆ ಫೋನ್ ಮಾಡಿದೆ.

"ನೀವ ಕುಂಕುಮ ಹಚ್ಚಿ ಕೊಟ್ರಲ್ರಿ ಅಕ್ಕಾರ! ಎಲ್ಲಾ ಶುಭ ಅದ ಅಂತ ತಿಳದು ಮನಿಗೆ ಬಂದೆ. ಫೋಟೊ ದೇವರ ಮುಂದ ಇಟ್ಟೀನಿ. ಇನ್ನ ಡಾಕ್ಟರ್‌ಗ್ಯಾಕ ತೋರಸೂದ್ರಿ?"

ನಮ್ಮ ಮಂದಿ ಹೊಸ ಫ್ರಿಜ್ಜಿಗೂ ಕುಂಕುಮ ಹಚ್ಚುತ್ತಾರೆ. ಪಾಪ, ಅವಳು ಬೇರೇನು ತಿಳಿಯಬೇಕಿತ್ತು? ವಾಪಸ್ ಬರ್ರಿ ಎಂದರೆ ಮತ್ತೆ ರಜೆ ಸಿಗುವುದಿಲ್ಲ ಎಂದಳು. ಪಕ್ಕದಲ್ಲಿ ನಿಂತಿದ್ದ ಡಾಕ್ಟರು ವಿಷಯ ಕೇಳಿಕೊಂಡು, ಕಂಡದ್ದನ್ನು ಹೇಳು, ರೋಗದ ಹೆಸರು ಮಾತ್ರ ಬೇಡ ಎಂದರು.

"ನೋಡ್ರಿ, ನಿಮ್ಮ ಫೋಟೊದಾಗ ಬಲಗಡೆ ಒಂದು ಕಲೆ ನಾ ಕಣ್ಣಾರೆ ನೋಡೀನಿ. ಅದು ಏನಂತ ಡಾಕ್ಟರ್ ಹೇಳಬೇಕು. ಸುಮ್ನ ಬಿಟ್ರ ಬೆಳೀಬಹುದು. ಇವತ್ತ ಬರ್ರಿ."

ಆ ಕಡೆಯಿಂದ ಕೆಮ್ಮು ಕೇಳಿಸಿತು. "ಬರ್ತೀನ್ರಿ" ಎಂದಳು.

ಅರಿಶಿನ ಮೆತ್ತಿದ ಲಕೋಟೆ ಹಿಡಿದು ಸಂಜೆ ಬಂದಳು. ಕಫದ ಪರೀಕ್ಷೆಯಲ್ಲಿ ಕ್ಷಯ ಎಂದು ಗೊತ್ತಾಯಿತು, ಔಷಧ ಶುರುವಾಯಿತು. ನನ್ನ ಟಿಕಲಿಯ ಕೆಲಸವೂ ಅಂದಿಗೇ ಮುಗಿಯಿತು. ಇನ್ನು ಮುಂದೆ ಕಂಡದ್ದನ್ನು ಒಂದು ಸಾಲು ಬರೆದು ಕಳಿಸು, ಚಿತ್ರದ ಜೊತೆ ಅದನ್ನೂ ನೋಡಿ ನಾನು ವರದಿ ಕೊಡುತ್ತೇನೆ ಎಂದರು ಡಾಕ್ಟರು. ದಿನವಿಡೀ ವಟಗುಟ್ಟುವ ನನಗೆ ಆ ಒಂದು ಸಾಲು ಬರೆಯಲು ಬೆವರು ಕಿತ್ತುಬಂತು. ಎಲ್ಲಿ, ಎಷ್ಟು, ಹೇಗಿದೆ ಎಂದು ಬರೆಯಬೇಕೆಂದರೆ ಚಿತ್ರವನ್ನು ಇನ್ನೊಮ್ಮೆ ನೋಡಲೇಬೇಕಿತ್ತು. ತಪ್ಪಿದ್ದನ್ನು ಅವರು ತಿದ್ದಿದರು, ನಾನು ಕಲಿತೆ. ಬರೆಯುವುದೆಂದರೆ ಈಗ ನನಗೆ ಖುಷಿ.

ಔಷಧವೆಲ್ಲ ಮುಗಿದ ಮೇಲೆ ಅವಳು ಮತ್ತೆ ಎಕ್ಸ್‌ರೇಗೆ ಬಂದಳು. ಕೆನ್ನೆ ತುಂಬಿಕೊಂಡಿತ್ತು. ಹಳೆಯ ಚಿತ್ರದ ಪಕ್ಕ ಹೊಸದನ್ನು ಇಟ್ಟು ನೋಡಿ, ಕಲೆ ಹೋಗಿದೆ, ಸಣ್ಣ ಗೆರೆಯಷ್ಟೇ ಉಳಿದಿದೆ ಎಂದು ಬರೆದೆ. ಡಾಕ್ಟರು ಒಪ್ಪಿದರು, ಗುಣವಾಗಿದೆ ಎಂದು ಅವಳಿಗೆ ತಾವೇ ಹೇಳಿದರು.

ಆದರೂ ಅವಳು ನನ್ನ ಬಾಗಿಲಿಗೆ ಬಂದು ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿದಳು.

"ಅಕ್ಕಾರ, ಇವತ್ತ ಕುಂಕುಮ ಇಲ್ಲೇನ್ರಿ?"

ಪರ್ಸಿನಿಂದ ಟಿಕಲಿ ತೆಗೆದು ಅವಳ ಹಣೆಗೆ ಅಂಟಿಸಿದೆ.