ಹಲಸಿಯನ್ನು ಎರಡು ಸಲ ಮುಟ್ಟಿದ್ದು

ಬೆಳಗಾವಿಯಿಂದ ಖಾನಾಪುರಕ್ಕೆ ಇಪ್ಪತ್ತಾರು ಕಿಲೋಮೀಟರು, ಪ್ಯಾಸೆಂಜರ್ ರೈಲಿಗೆ ಹತ್ತು ರೂಪಾಯಿ. ನವೆಂಬರಿನ ಒಂದು ಶನಿವಾರ ಬೆಳಿಗ್ಗೆ ನಾನೂ ನನ್ನ ಹೆಂಡತಿ ಶಾಂತಾಳೂ ಟಿಳಕವಾಡಿಯ ಮನೆಯಿಂದ ಸ್ಟೇಷನ್ನಿಗೆ ನಡೆದೇ ಹೋದೆವು. ಆಟೊದವನೊಬ್ಬ ಪಕ್ಕಕ್ಕೆ ಬಂದು ನಿಧಾನ ಮಾಡಿದ. ನಾನು ಅವನ ಮುಖವನ್ನೂ ನೋಡಲಿಲ್ಲ. ಹಲಸಿ ಮುಟ್ಟುವ ತನಕ ಆ ರೈಲೊಂದನ್ನು ಬಿಟ್ಟು ಚಕ್ರವಿರುವ ಯಾವುದನ್ನೂ ಹತ್ತುವುದಿಲ್ಲ ಎಂದು ಹಟ ಹಿಡಿದಿದ್ದೆ.

ಹಟಕ್ಕೆ ಕಾರಣವಿತ್ತು. ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಮೂವತ್ತೈದು ವರ್ಷ ಮರಳಿನ ಅಚ್ಚು ಕಟ್ಟಿ ಕಬ್ಬಿಣ ಹೊಯ್ದವನು ನಾನು. ವಾರವಿಡೀ ಬೆಂಕಿಯ ಮುಂದೆ ನಿಂತವನಿಗೆ ರವಿವಾರ ಗಾಳಿ ಬೇಕಾಗುತ್ತದೆ. ನಮ್ಮ ಓಣಿಯ ಎಂಟು ಮಂದಿ ಗಂಡಸರ ನಡಿಗೆ ಮಂಡಳಿ ಸೇರಿ ಇಪ್ಪತ್ತು ವರ್ಷ ಕಾಡು, ಕೋಟೆ, ಹೊಳೆ ಎಲ್ಲ ತಿರುಗಿದೆ. ಹೋದ ವರ್ಷ ಎಡ ಮೊಣಕಾಲಿನ ಆಪರೇಷನ್ ಆಯಿತು. ಈ ಡಿಸೆಂಬರಿನಲ್ಲಿ ಮಂಡಳಿ ಖಾನಾಪುರದ ಕಾಡಿನೊಳಗಿನ ಹಳೆಯ ಕೋಟೆಗೆ ಹೋಗುವುದೆಂದು ಗೊತ್ತಾದಾಗ ಯಾದಿಯಲ್ಲಿ ನನ್ನ ಹೆಸರಿರಲಿಲ್ಲ. ಮಂಡಳಿಯ ಹಿರಿಯರಾದ ಕುಲಕರ್ಣಿ ಮಾಸ್ತರರನ್ನು ಹೋಗಿ ಕೇಳಿದೆ. ಖಾನಾಪುರದಿಂದ ಹಲಸಿಗೆ ಹದಿನಾಲ್ಕು ಕಿಲೋಮೀಟರು, ಒಂದೇ ದಿನದಲ್ಲಿ ನಡೆದು ಬಾ, ಹೆಸರು ಹಾಕುತ್ತೇನೆ ಎಂದರು. ಮಂಡಳಿಯ ವಹಿಯನ್ನೂ ಕೈಗಿತ್ತರು.

ನಮ್ಮಲ್ಲಿ ಸಾಕ್ಷಿ ಕೇಳುವ ರೂಢಿಯಿಲ್ಲ. ನಡಿಗೆ ಮುಗಿದ ಜಾಗದಲ್ಲೇ, ಕಾಲು ತೊಳೆಯುವ ಮೊದಲು, ಎಷ್ಟು ನಡೆದೆವೆಂದು ಅವರವರ ಕೈಯಿಂದಲೇ ವಹಿಯಲ್ಲಿ ಬರೆಯಬೇಕು. ಕಾಲಿಗೆ ಧೂಳಿರುವ ತನಕ ಮನುಷ್ಯ ಸುಳ್ಳು ಹೇಳುವುದಿಲ್ಲ ಎಂದು ಮಾಸ್ತರರ ಲೆಕ್ಕ. ಬರೆದದ್ದನ್ನು ಯಾರೂ ಮತ್ತೆ ಕೇಳುವುದಿಲ್ಲ.

ಶಾಂತಾ ಹೊರಟಿದ್ದು ನನ್ನ ಮೇಲೆ ಕಣ್ಣಿಡಲು. ನೀವೆಲ್ಲಿಯಾದರೂ ಬಿದ್ದರೆ ಎತ್ತುವವರು ಬೇಡವೇ ಎಂದು ಹಿಂದಿನ ದಿನವೇ ಚೀಲ ಕಟ್ಟಿಟ್ಟಿದ್ದಳು. ಅದರೊಳಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಝುಣಕ, ಎರಡು ಟವೆಲ್ಲು, ನೋವಿನ ಮುಲಾಮು. ರೈಲು ದೇಸೂರ ದಾಟುವಾಗ ಗದ್ದೆಗಳ ಮೇಲೆ ಮಂಜು ಇನ್ನೂ ಕೂತಿತ್ತು. ಭತ್ತದ ಕೊಯ್ಲು ಅರ್ಧ ಮುಗಿದಿತ್ತು.

ಮೊದಲ ದಿನ ಕಾಲಿಗೆ ರೂಢಿಯಾಗಲೆಂದು ಅಸೋಗಾಕ್ಕೆ ನಡೆದೆವು. ಖಾನಾಪುರದಿಂದ ಐದು ಕಿಲೋಮೀಟರಿನೊಳಗೇ ಇದೆ. ಮಲಪ್ರಭೆ ಅಲ್ಲಿ ಬಂಡೆಗಳ ನಡುವೆ ಬಳುಕಿ ಹೋಗುತ್ತದೆ, ದಂಡೆಯ ಮೇಲೆ ರಾಮಲಿಂಗೇಶ್ವರನ ಗುಡಿ. ಮಳೆಗಾಲದ ಕೆಂಪು ಇಳಿದು ನೀರು ತಿಳಿಯಾಗಿತ್ತು. ಊಟಕ್ಕೆ ಬಂದಿದ್ದ ಒಂದು ಕುಟುಂಬದವರು ನಮ್ಮನ್ನೂ ಕರೆದು ಅವಲಕ್ಕಿ ಕೊಟ್ಟರು. ಶಾಂತಾ ಅವರ ಮನೆಯ ಹೆಂಗಸರೊಡನೆ ಮರಾಠಿಯಲ್ಲಿ ಹರಟಿದಳು, ಆಮೇಲೆ ಸೀರೆ ಎತ್ತಿಕಟ್ಟಿ ಒಂದು ಬಂಡೆಯ ಮೇಲೆ ಕೂತು ಕಾಲು ಇಳಿಬಿಟ್ಟಳು. ಬಹಳ ಹೊತ್ತು ಏಳಲೇ ಇಲ್ಲ. ಹೊತ್ತಾಯಿತೆಂದು ನಾನು ಎರಡು ಸಲ ಕೂಗಿದೆ.

“ಬೆಳಗಾವಿಗೆ ಬಂದು ಮೂವತ್ತು ವರ್ಷ ಆತ್ರೀ, ಇದನ್ನ ಇವತ್ತ ನೋಡಾಕತ್ತೀನಿ,” ಎಂದಳು. “ನಿಮಗ ರೊಟ್ಟಿ ಕಟ್ಟಿ ಕೊಡೂದ್ರಾಗ ನನ್ನ ರವಿವಾರ ಮುಗೀತಿದ್ವು.”

ಜಗಳದ ದನಿಯಿರಲಿಲ್ಲ. ಅವಳು ನೀರು ನೋಡುತ್ತಾ ಸಹಜವಾಗಿ ಹೇಳಿದಳು. ನಾನು ಮೊಣಕಾಲು ಹೇಗಿದೆ ಎಂದು ಮುಟ್ಟಿ ನೋಡಿಕೊಂಡೆ. ಕಾಲು ಸುಮ್ಮನಿತ್ತು. ಖಾನಾಪುರದಲ್ಲಿ ಅವಳ ಚಿಕ್ಕಪ್ಪನ ಮಗಳ ಮನೆಯಲ್ಲಿ ಉಳಿದೆವು.

ರವಿವಾರ ಆರೂವರೆಗೆ ಬಿಟ್ಟೆವು. ಚಳಿ ಹದವಾಗಿತ್ತು. ರಸ್ತೆಯ ಎರಡೂ ಬದಿ ಗದ್ದೆ, ಅಲ್ಲಲ್ಲಿ ಕಬ್ಬು, ದೂರದಲ್ಲಿ ಕಾಡಿನ ಅಂಚು. ನಂದಗಡ ಮುಟ್ಟುವಷ್ಟರಲ್ಲಿ ಬಿಸಿಲೇರಿತ್ತು. ಅಲ್ಲಿ ಚಹಾ, ತಲಾ ಎರಡು ಭಜಿ. ಎದ್ದು ನಿಲ್ಲುವಾಗ ಮೊಣಕಾಲು ಎಲ್ಲಿದೆ ಎಂದು ನನಗೆ ಗೊತ್ತಾಯಿತು. ಆರಾಮಿರುವ ಅಂಗದ ನೆನಪು ಯಾರಿಗೂ ಇರುವುದಿಲ್ಲ ನೋಡಿ. ಮುಂದೆ ಹೆಜ್ಜೆಗೊಮ್ಮೆ ನೆನಪಾಗತೊಡಗಿತು. ಹಲಸಿ ಇನ್ನು ಎರಡೇ ಕಿಲೋಮೀಟರು ಎನ್ನುವಾಗ ಒಂದು ಸಣ್ಣ ಸೇತುವೆಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಪ್ಯಾಂಟು ಮೇಲೆತ್ತಿದರೆ ಮೊಣಕಾಲು ಬನ್ನಿನ ಹಾಗೆ ಉಬ್ಬಿತ್ತು.

ಆಗ ಬೈಕಿನ ಎರಡೂ ಬದಿ ಹಾಲಿನ ಕ್ಯಾನು ತೂಗುಹಾಕಿಕೊಂಡು ಒಬ್ಬ ಬಂದು ನಿಂತ. ಬೀರಪ್ಪ ಎಂದು ಹೆಸರು, ನಲವತ್ತರ ಆಸುಪಾಸು. ವಾರದಲ್ಲಿ ಆರು ದಿನ ಉದ್ಯಮಬಾಗದಲ್ಲೇ ಲೇಥ್ ಕೆಲಸ, ಮನೆಯಲ್ಲಿ ಅಪ್ಪನ ಕಾಲದ ಎಮ್ಮೆಗಳು. ನಾನು ಫೌಂಡ್ರಿಯವನೆಂದು ತಿಳಿದದ್ದೇ ಅವನು ನೆಂಟನಂತಾದ. ಹಿಂದೆ ಕೂರಲು ಒಬ್ಬರಿಗೇ ಜಾಗವಿತ್ತು. ನೀವು ಹೋಗಿರಿ, ನಾನು ನಡೆದು ಬರುತ್ತೇನೆ ಎಂದಳು ಶಾಂತಾ. ನಾನು ಒಲ್ಲೆ ಎಂದೆ.

“ಕುಂದರ್ರಿ ಕಾಕಾ, ಎರಡ ಕಿಲೋಮೀಟರ ಐತಿ,” ಎಂದ ಬೀರಪ್ಪ. “ಯಾರ ನೋಡಾಕತ್ಯಾರ?”

ಕೂತೆ. ನಾಲ್ಕು ನಿಮಿಷದಲ್ಲಿ ಹಲಸಿ ಬಂತು. ಮಧ್ಯಾಹ್ನ ಎಮ್ಮೆಗಳಿಗೆ ಹಿಂಡಿ ತರಲು ಮತ್ತೆ ನಂದಗಡಕ್ಕೆ ಹೋಗುವವನಿದ್ದೇನೆ, ಏನಾದರೂ ಬೇಕಿದ್ದರೆ ಹೇಳಿ ಎಂದು ಗುಡಿಯ ಮುಂದೆ ಇಳಿಸಿ ಹೋದ.

ಹಲಸಿ ಕದಂಬರ ಎರಡನೆಯ ರಾಜಧಾನಿಯಾಗಿದ್ದ ಊರು. ಈಗ ಹೆಂಚಿನ ಮನೆಗಳ ಸಣ್ಣ ಹಳ್ಳಿ, ನಡುವೆ ಭೂವರಾಹ ನರಸಿಂಹನ ಕಲ್ಲಿನ ಗುಡಿ. ಒಳಗೆ ಎದುರುಬದುರು ಎರಡು ಗರ್ಭಗುಡಿ. ಒಂದರಲ್ಲಿ ವರಾಹ ಭೂದೇವಿಯನ್ನು ಎತ್ತಿ ನಿಂತಿದ್ದಾನೆ. ಇಡೀ ಭೂಮಿ ಎತ್ತಿದವನ ಮುಂದೆ ನಾನು ಎರಡು ಕಿಲೋಮೀಟರನ್ನು ಬೈಕಿನ ಮೇಲೆ ಬಂದು ಕೈ ಮುಗಿದೆ. ಹೊರಬಂದು, ಎರಕ ಒಡೆದಿದೆಯೋ ಗಟ್ಟಿಯಿದೆಯೋ ಎಂದು ತಟ್ಟಿ ಸದ್ದು ಕೇಳುವ ಹಳೆಯ ಚಟದಲ್ಲಿ, ಒಂದು ಕಂಬಕ್ಕೆ ಬೆರಳ ಗೆಣ್ಣಿನಿಂದ ಟಕಟಕ ಬಡಿದೆ. ಕಾವಲುಗಾರ ಎದ್ದು ಬಂದ. ಇದೇನು ಬಾಗಿಲೇ, ಯಾರನ್ನು ಕರೆಯುತ್ತಿದ್ದೀರಿ ಎಂದು ಗದರಿದ. ತಪ್ಪಾಯಿತೆಂದು ಕೆಲಸದ ಚಟ ವಿವರಿಸಿದೆ. ಅವನಿಗೆ ನಗು ಬಂತು, ಜೊತೆಗೆ ಉತ್ಸಾಹವೂ ಬಂತು. ಹೊರಗೋಡೆಯ ಒಂದು ಕಡೆ ಕರೆದೊಯ್ದು ತೋರಿಸಿದ. ಸುತ್ತಲಿನ ಕಲ್ಲುಗಳ ನಡುವೆ ಒಂದು ಕಲ್ಲು ಬೋಳಾಗಿತ್ತು, ಬಣ್ಣವೂ ತುಸು ಬೇರೆ.

“ಹಳೇದು ಒಡದಿತ್ರಿ, ಇದು ನಾವು ಇಟ್ಟಿದ್ದು,” ಎಂದ. “ಹೊಸಾದು ಯಾವುದು ಅಂತ ನೋಡಿದವರಿಗೆ ಗೊತ್ತಾಗ್ಬೇಕ್ರಿ, ಅದಕ್ಕ ಏನೂ ಕೆತ್ತಿಲ್ಲ.”

ಅವನು ಹೇಳಿದ್ದು ಇಷ್ಟೇ. ನನಗೆ ಫೌಂಡ್ರಿ ನೆನಪಾಯಿತು. ಎರಕದಲ್ಲಿ ಗಾಳಿ ಸಿಕ್ಕಿಕೊಂಡರೆ ಒಳಗೆ ತೂತು ಉಳಿಯುತ್ತದೆ. ಅದಕ್ಕೆ ಪುಟ್ಟಿ ಮೆತ್ತಿ ಮೇಲೆ ಬಣ್ಣ ಬಳಿದರೆ ಕಣ್ಣಿಗೆ ಕಾಣುವುದಿಲ್ಲ. ಹಾಗೆ ಮಾಡಿ ಕಳಿಸುವವರಿದ್ದರು. ನಾನು ಮೂವತ್ತೈದು ವರ್ಷದಲ್ಲಿ ಒಂದನ್ನೂ ಕಳಿಸಿದವನಲ್ಲ. ತೂತು ಬಿದ್ದದ್ದನ್ನು ಒಡೆದು ಮತ್ತೆ ಕುಲುಮೆಗೆ ಹಾಕುತ್ತಿದ್ದೆ. ಅಂಥವನು ಈಗ ಗುಡಿಯ ಮೆಟ್ಟಿಲ ಮೇಲೆ ವಹಿ ಬಿಚ್ಚಿ ಕೂತು, ಹದಿನಾಲ್ಕೆಂದು ಬರೆಯಲು ಪೆನ್ನಿನ ಮುಚ್ಚಳ ತೆಗೆದೆ. ಮುಚ್ಚಿದೆ.

ಮುಕ್ಕಾಲು ಗಂಟೆಯ ಮೇಲೆ ಶಾಂತಾ ಕೆಂಪು ಮುಖ ಮಾಡಿಕೊಂಡು ಬಂದಳು. ಸೇತುವೆಗೆ ವಾಪಸು ಹೋಗಿ ಆ ಎರಡು ಕಿಲೋಮೀಟರು ನಡೆಯುತ್ತೇನೆ ಎಂದೆ.

“ಹುಚ್ಚು ಹಿಡದೈತೇನ್ರೀ ನಿಮಗ?” ಎಂದಳು. “ಹನ್ನೆರಡು ಅಂತ ಬರದು ಬಿಡ್ರಿ. ಖರೇನ ಆಕ್ಕೈತಿ.”

ಖರೆ ಆಗುತ್ತಿತ್ತು, ಆದರೆ ಕೋಟೆ ಕೈತಪ್ಪುತ್ತಿತ್ತು. ನನಗೆ ಎರಡೂ ಬೇಕಿತ್ತು. ಅವಳು ರೊಟ್ಟಿ ಬಿಚ್ಚುತ್ತಾ ಬೈದಳು, ಉಣ್ಣುತ್ತಾ ಬೈದಳು, ಟವೆಲ್ಲು ಒದ್ದೆ ಮಾಡಿ ನನ್ನ ಮೊಣಕಾಲಿಗೆ ಸುತ್ತುತ್ತಾ ಬೈದಳು. ಪಾದಕ್ಕೆ ನೀರು ತಾಗಿಸಬೇಡ, ಇನ್ನೂ ಬರೆಯುವುದಿದೆ ಎಂದು ನಾನು ಅಂದದ್ದಕ್ಕೆ ಇನ್ನೊಂದಿಷ್ಟು ಬೈದಳು. ಒಂದೂಕಾಲಿಗೆ ಸೆರಗು ಸಿಕ್ಕಿಸಿ ಎದ್ದಳು. ಬೀರಪ್ಪನ ಗಾಡಿಯಲ್ಲಿ ಸೇತುವೆಗೆ ಬನ್ನಿ, ನಾನು ಮುಂದೆ ನಡೆದಿರುತ್ತೇನೆ ಎಂದು ಹೊರಟೇಬಿಟ್ಟಳು. ಅವಳಿಗೆ ಬೇಡವೆಂದು ಹೇಳಿ ನಾನು ಎಂದೂ ಗೆದ್ದಿಲ್ಲ.

ನಂದಗಡಕ್ಕೆ ಹೊರಟ ಬೀರಪ್ಪ ವಿಷಯ ಕೇಳಿ, ಮನೆಯಿಂದ ತನ್ನ ಅಪ್ಪನ ಬೆತ್ತದ ಕೋಲು ತಂದು ನನ್ನನ್ನು ಹತ್ತಿಸಿಕೊಂಡ. ಸೇತುವೆಯ ಹತ್ತಿರ ಇಳಿಸಿ, ಕೋಲು ಕೊಟ್ಟು, ಆಮೇಲೆ ಇದನ್ನು ಗುಡಿಯ ಕಾವಲುಗಾರನ ಕೈಗೆ ಕೊಟ್ಟು ಹೋಗಿ ಎಂದ. ಶಾಂತಾ ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದಳು. ಆ ಎರಡು ಕಿಲೋಮೀಟರಿಗೆ ಒಂದೂಕಾಲು ಗಂಟೆ ಹಿಡಿಯಿತು. ಹಲ್ಲು ಕಚ್ಚಿ ನಡೆದೆ. ಎರಡು ಕಡೆ ನಿಂತೆ, ಎಲ್ಲೂ ಕೂರಲಿಲ್ಲ. ಕೂತರೆ ಏಳುವುದಿಲ್ಲವೆಂದು ಗೊತ್ತಿತ್ತು. ಶಾಂತಾ ನನ್ನ ಎಡಕ್ಕೇ ಇದ್ದಳು. ಅರ್ಧ ದಾರಿ ಆದ ಮೇಲೆ ಬೈಯುವುದನ್ನೂ ಬಿಟ್ಟಳು.

ಮೂರೂವರೆಗೆ ಮತ್ತೆ ಗುಡಿಯ ಮೆಟ್ಟಿಲು. ಕಾವಲುಗಾರ ಕೋಲು ಇಸಿದುಕೊಂಡು, ಈಗ ಬಾಗಿಲು ಬಡಿಯಬಹುದು ಎಂದ. ವಹಿ ತೆಗೆದು ಬರೆದೆ: ಖಾನಾಪುರದಿಂದ ಹಲಸಿ, ಹದಿನಾಲ್ಕು. ಅಕ್ಷರ ದುಂಡಗೆ ಬಂತು. ಬರೆದು ಮುಗಿಸಿ ಪಕ್ಕದಲ್ಲಿ ಕೂತವಳ ಕಾಲು ನೋಡಿದೆ. ಹಿಮ್ಮಡಿಯಿಂದ ಮೇಲಕ್ಕೆ ಕೆಂಪು ಧೂಳು. ನಾನು ಬೈಕಿನ ಮೇಲಿದ್ದಾಗಲೂ ಇವಳು ನಡೆದಿದ್ದಳು. ಹದಿನಾಲ್ಕು ಬೆಳಿಗ್ಗೆಯೇ ಮುಗಿಸಿದ್ದಳು. ಆಮೇಲೆ ಹೋಗಿ ಎರಡು, ಬಂದು ಎರಡು. ಇದು ನನಗೆ ಆ ಗಳಿಗೆಯ ತನಕ ಹೊಳೆದಿರಲೇ ಇಲ್ಲ. ನಾಚಿಕೆಯಾಯಿತು. ವಹಿಯನ್ನೂ ಪೆನ್ನನ್ನೂ ಅವಳ ತೊಡೆಯ ಮೇಲಿಟ್ಟೆ.

“ನಿಮ್ಮ ಮಂಡಳ್ಯಾಗ ಹೆಣ್ಮಕ್ಕಳಿಲ್ಲಲ್ರೀ,” ಎಂದಳು.

“ಇಪ್ಪತ್ತು ವರ್ಷದ ವಹಿ ಐತಿ. ಹೆಣ್ಮಕ್ಕಳು ಬರೀಬಾರದು ಅಂತ ಎಲ್ಲೂ ಬರದಿಲ್ಲ,” ಎಂದೆ.

ನಾನು ತಮಾಷೆ ಮಾಡುತ್ತಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಒಮ್ಮೆ ನನ್ನ ಮುಖ ನೋಡಿದಳು. ಆಮೇಲೆ ನಾನು ಬರೆದದ್ದರ ಕೆಳಗೆ, ಶಾಲೆ ಬಿಟ್ಟ ಮೇಲೆ ಮೊದಲ ಸಲ ಬರೆಯುವವಳ ಹಾಗೆ ನಿಧಾನವಾಗಿ, ತನ್ನ ಪೂರ್ತಿ ಹೆಸರು ಬರೆದಳು. ಮುಂದೆ ಹದಿನೆಂಟು ಎಂದು ಬರೆದಳು. ಆ ಪುಟದಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು. ನಂತರ ಇಬ್ಬರೂ ಕಾಲು ತೊಳೆದೆವು.

ಬಸ್ಸು ಊರು ಬಿಡುವಾಗ ಹಿಂತಿರುಗಿ ನೋಡಿದೆ. ಹೆಂಚಿನ ಮಾಡುಗಳ ಮೇಲೆ ಗುಡಿಯ ಶಿಖರ ಸ್ವಲ್ಪ ಹೊತ್ತು ಕಂಡಿತು. ಶಾಂತಾ ಕಿಟಕಿಯ ಪಕ್ಕ ಕೂತಿದ್ದಳು. ಮಾಸ್ತರರು ಏನೆನ್ನುತ್ತಾರೋ ಎಂದು ನಾನೇ ಮಾತು ತೆಗೆದೆ. ಅವಳಿಗೆ ಅದರ ಚಿಂತೆ ಇದ್ದಂತಿರಲಿಲ್ಲ.

“ಕ್ವಾಟಿಗೆ ಹೋಗೂ ದಿನ ರೊಟ್ಟಿ ಯಾರ ಕಟ್ಟತಾರ?” ಎಂದು ಕೋಟೆಗೆ ತಾನೂ ಬರುವವಳ ಹಾಗೆ ಕೇಳಿದಳು.

ನಾನೇ ಕಟ್ಟುತ್ತೇನೆ ಎಂದೆ. ರೊಟ್ಟಿ ಬಡಿಯಲು ನನಗೆ ಬರುವುದಿಲ್ಲ. ಡಿಸೆಂಬರಿಗೆ ಇನ್ನೂ ಮೂರು ವಾರ ಇತ್ತು. ಮರುದಿನ ಬೆಳಿಗ್ಗೆಯೇ ಹಿಟ್ಟಿನ ಡಬ್ಬಿ ಕೆಳಗಿಳಿಸಿದೆ.