ಬುರ್ಮಾಕಾನ್ ಹೇಳಬಾರದ ಹೆಸರು

ಹೊತ್ತು ಹುಟ್ಟುವ ಮೊದಲು ಬುರ್ಮಾಕಾನ್ ಒಲೆಯ ಬೂದಿ ತೆಗೆದು ಬೆರಣಿ ಹಚ್ಚಬೇಕು, ತೊರೆಯ ಮಂಜುಗಡ್ಡೆ ಒಡೆದು ನೀರು ಹೊರಬೇಕು, ಚಹಾದ ನೀರಿಗೆ ಸಮೋವಾರ್ ಹಂಡೆ ಕಾಯಿಸಬೇಕು, ಹಸು ಕರೆಯಬೇಕು, ಯಂತ್ರ ತಿರುಗಿಸಿ ಕೆನೆ ತೆಗೆಯಬೇಕು, ಅಂಗಳ ಗುಡಿಸಬೇಕು. ಅತ್ತೆ ಏಳುವಾಗ ಚಹಾ ಬಿಸಿಯಾಗಿರಬೇಕು. ನಾರಿನ್ ಸೀಮೆಯ ನಮ್ಮ ಹಳ್ಳಿಯಲ್ಲಿ ಸೊಸೆಗೆ ಇನ್ನೂ ಒಂದು ಕಟ್ಟಳೆಯಿದೆ. ಗಂಡನ ಕಡೆಯ ಹಿರಿಯರ ಹೆಸರು ಅವಳ ಬಾಯಲ್ಲಿ ಬರಕೂಡದು. ಮಾವನ ಹೆಸರು ತೆಮಿರ್, ಅಂದರೆ ಕಬ್ಬಿಣ. ಅವನು ಸತ್ತು ವರ್ಷಗಳಾದರೂ ಒಲೆಯ ಕಬ್ಬಿಣದ ಸಲಾಕೆಯನ್ನು ಅವಳು 'ಗಟ್ಟಿಯದು' ಎಂದೇ ಕರೆಯುತ್ತಿದ್ದಳು.

ಸಾಮೂಹಿಕ ಬೇಸಾಯ ಮುರಿದುಬಿದ್ದು, ಪೇಟೆಯ ಬ್ಯಾಂಕೂ ಬಾಗಿಲು ಹಾಕಿದ ಮೇಲೆ, ಹೆಂಗಸರಿಗಷ್ಟೇ ಸಾಲ ಕೊಡುವ ಸಂಸ್ಥೆಯೊಂದು ನಮ್ಮಲ್ಲಿಗೆ ಬಂತು. ಐವರದೊಂದು ಗುಂಪು, ಒಬ್ಬಳು ತಪ್ಪಿದರೆ ಉಳಿದವರು ಕಟ್ಟಬೇಕು. ನಾನೂ ಅವಳೂ ಒಂದೇ ಗುಂಪಿನವರು. ಅವಳ ಮೊದಲ ಸಾಲವನ್ನು ಗಂಡನ ಅಣ್ಣ ಕುಬಾತ್ ಕುದುರೆ ಕೊಳ್ಳಲು ಒಯ್ದ. ಅವಳು ಕೆನೆ ಮಾರಿ ತೀರಿಸಿದಳು. ಈಗ ಅವನಿಗೆ ಹಳೆಯ ಕಾರೊಂದು ಬೇಕಾಗಿತ್ತು. ಈ ಸಲ ಅಡವಿಡಬೇಕಾದದ್ದು ತವರಿನಿಂದ ಬಂದ ಅವಳ ಹಸು. "ಅಣ್ಣ ಹೇಳಿದ ಹಾಗೆ ಮಾಡು" ಎಂದು ಹೇಳಿ ಗಂಡ ಕುರಿಗಳೊಂದಿಗೆ ಬೆಟ್ಟಕ್ಕೆ ಹೋಗಿದ್ದ.

ಗುಂಪು ಅವಳ ಮನೆಯಲ್ಲೇ ಸೇರಿತು. ಅವಳು ಚಹಾ ಬಗ್ಗಿಸಿ ಕೊಡುತ್ತಿದ್ದಳು. ಹಣ ಯಾರ ಕೈಗೆ ಹೋಗುತ್ತದೆಂದು ಸಾಲಗಾರ್ತಿ ಎಲ್ಲರೆದುರು ಬಾಯಿಬಿಟ್ಟು ಹೇಳಬೇಕೆಂಬುದು ಸಂಸ್ಥೆಯ ಹೊಸ ನಿಯಮ. ಗಂಡಸಿಗೆಂದಾದರೆ ಸಾಲವಿಲ್ಲ.

"ಅವಳಿಗೇ ಅಂತ ಬರ್ಕೊಳ್ಳಮ್ಮ, ರೊಟ್ಟಿ ಆರ್ತಾ ಇದೆ," ಎಂದಳು ಅತ್ತೆ.

"ಅವರೇ ಹೇಳ್ಬೇಕು ಅಜ್ಜಿ," ಎಂದಳು ಸಂಸ್ಥೆಯ ಹುಡುಗಿ ನಾಜಿಗುಲ್. "ಬುರ್ಮಾಕಾನಕ್ಕ, ದುಡ್ಡು ಯಾರಿಗೆ? ಹೆಸರು ಹೇಳಿ."

ಗುಂಪಿನ ಹಿರಿಯಳು ಸಲಿಮಾ ಕಿಸಕ್ಕೆಂದಳು. "ಹಾಲು ಕರೆಯೋಳೂ ಇವಳೇ, ಸಾಲ ತೀರ್ಸೋಳೂ ಇವಳೇ. ಕಾರಲ್ಲಿ ಕೂರೋಕೆ ಮಾತ್ರ ಇವಳಿಗೆ ಜಾಗ ಇಲ್ಲ!"

"ನಿನ್ನ ನಾಲಿಗೆ ಸೇದ್ಹೋಗ!" ಎಂದಳು ಅತ್ತೆ.

ಬುರ್ಮಾಕಾನ್ 'ನನಗೆ' ಎಂದರೆ ಸಾಕಿತ್ತು. ಮನೆಯ ಮಾನ ಉಳಿಯುತ್ತಿತ್ತು, ಹಸು ಅಡವು ಬೀಳುತ್ತಿತ್ತು. ಅವಳ ಬದಲು ಭಾವನ ಹೆಸರನ್ನು ನಾನೇ ಹೇಳಿಬಿಡೋಣವೆಂದು ಬಾಯಿ ತೆರೆದೆ. ಅವಳು ನನ್ನ ಮೊಣಕಾಲ ಮೇಲೆ ಕೈಯಿಟ್ಟು ತಡೆದಳು. ಬೂದಿ ಕಟ್ಟಿದ, ಒಡೆದ ಬೆರಳುಗಳು. ಅತ್ತೆ ಬಟ್ಟಲು ಮುಂದೆ ಚಾಚಿದಳು, ಅವಳು ತುಂಬಲಿಲ್ಲ. ಚಹಾದ ಪಾತ್ರೆಯನ್ನು ಕೆಳಗಿಟ್ಟು, ನಾಜಿಗುಲ್‌ಳ ಮುಖ ನೋಡಿದಳು.

"ಕುಬಾತ್‌ಗೆ," ಎಂದಳು.